ಅಳತೆಯ ಕಾಲು

ಹಿಮ್ಮಡಿಯ ಹಿಂದೆ ಶೂ ಹಾಕಿಸುವ ಉಕ್ಕಿನ ಪಟ್ಟಿ ತಣ್ಣಗೆ ಇಳಿಯಿತು, ಹ್ಞಾಂ, ಇನ್ನೇನು ಕಾಲು ಒಳಕ್ಕೆ ಜಾರುತ್ತದೆ, ಜಾರಿತು, ಡಿಸೈನಿನ ಹುಡುಗಿ ಪಟ್ಟಿಯನ್ನು ಮೆಲ್ಲಗೆ ಮೇಲೆಳೆದು ಬೆಲ್ಟಿಗೆ ಕೈ ಹಾಕಿದಳು, ಎರಡನೇ ತೂತಿಗೆ ಹಾಕ್ಲಾ ಅಕ್ಕಾ, ಮೂರನೇದಕ್ಕಾ, ಎರಡು ಸಾಕು ಬಿಡಮ್ಮ, ಎಂದಳು ಅವಳು, ಹೇಳುವಾಗಲೇ ಹೆಬ್ಬೆರಳಿನ ಬುಡವನ್ನು ಏನೋ ಗಬಕ್ಕನೆ ಹಿಡಿದುಕೊಂಡಿತು, ಬಂತು ನೋಡು, ಬಾರಪ್ಪ ಬಾ, ಇವತ್ತು ನಿನಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ — ನಾಲ್ಕು ವರ್ಷದಿಂದ ಪ್ರತಿ ಸಲವೂ ಅರ್ಧ ಗಂಟೆ ಮುಂಚೆ ಬಚ್ಚಲಿಗೆ ಹೋಗಿ ನಲ್ಲಿಯ ನೀರಿನಲ್ಲಿ ನುಂಗುತ್ತಿದ್ದ ನೋವಿನ ಬಿಳಿ ಮಾತ್ರೆ ಇವತ್ತು ಪರ್ಸಿನ ಒಳಜೇಬಿನಲ್ಲೇ ಮಲಗಿದೆ, ಕಾಲನ್ನು ಮರಗಟ್ಟಿಸುವ ಮುಲಾಮಿನ ಟ್ಯೂಬೂ ಅದರ ಪಕ್ಕದಲ್ಲೇ ಮಲಗಿದೆ, ಗಂಡ ಹೆಂಡಿರ ಹಾಗೆ ಮಲಗಿರಲಿ, ಯಾರು ಬೇಡವೆಂದರು. ಹದಿನೆಂಟು ವರ್ಷ ಈ ಕಾಲಿಗೆ ಸಂಬಳ ಬಂದಿದೆ. ಕೈಗಲ್ಲ, ತಲೆಗಲ್ಲ, ಕಾಲಿಗೆ. ಈ ಕಾರ್ಖಾನೆಯಲ್ಲಿ ಹೆಂಗಸರ ಶೂ ಯಾವುದೇ ಇರಲಿ, ಮೊದಲು ಆರನೇ ನಂಬರಿನಲ್ಲಿ ಒಂದೇ ಒಂದು ಜೊತೆ ಹೊಲಿಯುತ್ತಾರೆ, ಅದನ್ನು ಅವಳ ಕಾಲಿಗೆ ಹಾಕಿ ನಡೆಸುತ್ತಾರೆ, ಅವಳು ಸರಿಯಾಗಿದೆ ಎಂದರೆ ಅದನ್ನೇ ಹಿಗ್ಗಿಸಿ ಏಳು, ಎಂಟು, ಕುಗ್ಗಿಸಿ ಐದು, ನಾಲ್ಕು, ಸಾವಿರ ಜೊತೆ, ಹತ್ತು ಸಾವಿರ ಜೊತೆ, ಲಾರಿಗಟ್ಟಲೆ. ಅವಳಿಗೊಂದು ಹೆಸರಿದೆ ಎಂಬುದು ಸಂಬಳದ ಗುಮಾಸ್ತನೊಬ್ಬನಿಗೆ ಗೊತ್ತು, ಉಳಿದವರಿಗೆಲ್ಲ ಅವಳು ಆರನೇ ನಂಬರು, ಆರು ಬಂದ್ಲಾ, ಆರಿಗೆ ಟೀ ಕೊಟ್ರಾ, ಆರು ಇವತ್ತು ರಜಾ ಹಾಕಿದ್ರೆ ಎಲ್ಲರ ಕೆಲಸಕ್ಕೂ ಕಲ್ಲು.

ನಡೀಮ್ಮ, ಎಂದ ಸ್ಯಾಂಪಲ್ ಸಾಹೇಬ. ಸ್ಯಾಂಪಲ್ ರೂಮಿಗೆ ಅವನೇ ದೊಡ್ಡವನು, ಜೇಬಿನಲ್ಲಿ ಸದಾ ಎರಡು ಪೆನ್ನು ಒಂದು ಪೆನ್ಸಿಲ್ಲು, ಪಕ್ಕದ ಕುರ್ಚಿಯಲ್ಲಿ ಇವತ್ತು ಆರ್ಡರಿನವರು ಕೂತಿದ್ದಾರೆ, ಆಸ್ಪತ್ರೆಗಳಿಗೆ ಸಮವಸ್ತ್ರ ಒದಗಿಸುವ ಕಂಪನಿಯವರು, ಹೋದ ವರ್ಷದ ಬಿಳಿ ಶೂವನ್ನೇ ಹಿಮ್ಮಡಿ ಅರ್ಧ ಇಂಚು ಎತ್ತರಿಸಿ, ಮೂತಿ ಇನ್ನಷ್ಟು ಚೂಪು ಮಾಡಿ ಮತ್ತೆ ಕೇಳಿದ್ದಾರೆ, ನಲವತ್ತು ಸಾವಿರ ಜೊತೆ, ನರ್ಸುಗಳಿಗೆ ಮಾತ್ರವಲ್ಲ, ಆಯಾಗಳಿಗೂ. ಸಾಹೇಬ ನಗುನಗುತ್ತಾ ಹೇಳುತ್ತಿದ್ದಾನೆ, ನಮ್ಮ ಆರು ಒಪ್ಪಿದ್ರೆ ಲೋಕವೇ ಒಪ್ಪಿದ ಹಾಗೆ ಸಾರ್, ಇವಳ ಕಾಲು ಅಂದ್ರೆ ತಕ್ಕಡಿ — ತಕ್ಕಡಿ ಸುಳ್ಳು ಹೇಳಲು ಶುರುಮಾಡಿ ನಾಲ್ಕು ವರ್ಷವಾಯಿತು ಮಹಾರಾಯ, ನಿನಗೆ ಗೊತ್ತಿಲ್ಲ ಅಷ್ಟೇ. ಅವನ ತಲೆಯ ಹಿಂದೆ ಗೋಡೆಯಲ್ಲಿ ಗಾಜಿನ ಚೌಕಟ್ಟು, ಅದರೊಳಗೆ ಹಳದಿಗಟ್ಟಿದ ಕಾಗದ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಕಾಲು. ಅವಳದೇ. ಅಚ್ಚಿನ ಮೇಸ್ತ್ರಿ ಬರೆದದ್ದು. ಮರದಲ್ಲಿ ಕಾಲಿನ ಅಚ್ಚು ಕೆತ್ತುತ್ತಿದ್ದ ಮುದುಕ, ಎಲ್ಲ ಶೂಗಳೂ ಅವನ ಅಚ್ಚಿನ ಮೇಲೆಯೇ ಹುಟ್ಟುತ್ತಿದ್ದವು, ಹೊಲಿಗೆಯ ಹೆಂಗಸರನ್ನೆಲ್ಲ ಬರಿಗಾಲಲ್ಲಿ ಸಾಲಾಗಿ ನಿಲ್ಲಿಸಿ, ಬಗ್ಗಿ ಬಗ್ಗಿ ನೋಡುತ್ತಾ ಬಂದು ಅವಳ ಮುಂದೆ ನಿಂತವನು, ಇದು, ಎಂದ, ಇದೇ ಆರು. ಆಗ ಅವಳಿಗೆ ಇಪ್ಪತ್ಮೂರು. ಕಾಗದದ ಮೇಲೆ ನಿಲ್ಲು ತಾಯಿ, ತೂಕ ಬಿಟ್ಟು ನಿಲ್ಲು, ತೂಕ ಇಲ್ಲದ ಕಾಲು ಸುಳ್ಳು ಹೇಳುತ್ತೆ, ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಹಿಮ್ಮಡಿಯಿಂದ ಶುರುಮಾಡಿ ಹೊರಬದಿಗೆ ಬಂದು, ಕಿರುಬೆರಳಿನ ಸಂದಿಗೆ ಬಂದಾಗ ಕಚಗುಳಿಯಾಗಿ ಅವಳು ಕಿಸಕ್ಕನೆ ನಕ್ಕುಬಿಟ್ಟಳು, ನಗಬೇಡ ತಾಯಿ, ಗೆರೆ ಅಲ್ಲಾಡುತ್ತೆ, ಅಲ್ಲಾಡಿಯೇ ಹೋಯಿತು, ಇವತ್ತಿಗೂ ಆ ಚಿತ್ರದಲ್ಲಿ ಕಿರುಬೆರಳ ಪಕ್ಕ ಗೆರೆ ಸಣ್ಣದಾಗಿ ಸೊಟ್ಟಗಿದೆ, ಅವಳ ನಗು ಅಲ್ಲಿ ಹಾಗೇ ಉಳಿದಿದೆ. ಮೇಸ್ತ್ರಿ ಹೇಳಿದ್ದ, ಮನುಷ್ಯರ ಕಾಲು ಮರದ ಅಚ್ಚಲ್ಲ ಮಗಳೇ, ಅಗಲ ಆಗುತ್ತೆ, ಕಮಾನು ಕೂತುಹೋಗುತ್ತೆ, ವರ್ಷಕ್ಕೊಂದು ಸಲ ಹೊಸ ಗೆರೆ ಹಾಕಿಸ್ಕೋಬೇಕು, ಮರೀಬೇಡ. ಆರು ವರ್ಷ ಹಾಕಿದ. ಆಮೇಲೆ ಅವನು ನಿವೃತ್ತನಾದ, ಯಂತ್ರ ಬಂತು, ಪ್ಲಾಸ್ಟಿಕ್ಕಿನ ಅಚ್ಚು ಬಂತು, ಮೊದಲ ಚಿತ್ರಕ್ಕೆ ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕಿದರು, ಕಾಲಿಗೆ ಮತ್ತೆ ಯಾರೂ ಗೆರೆ ಹಾಕಲಿಲ್ಲ.

ಮೊದಲ ಹೆಜ್ಜೆ. ಅಮ್ಮಾ. ಅಲ್ಲ, ಮುಖ ನೆಟ್ಟಗಿರಲಿ, ಸಾಹೇಬ ಮುಖವನ್ನೂ ನೋಡುತ್ತಾನೆ, ಬೂದು ಹಾಸಿನ ಮೇಲೆ ಕನ್ನಡಿಯವರೆಗೆ ಇಪ್ಪತ್ನಾಲ್ಕು ಹೆಜ್ಜೆ, ತಿರುಗಿ ಇಪ್ಪತ್ನಾಲ್ಕು, ಅವಳ ಲೆಕ್ಕದಲ್ಲಿ ಈ ಹಾಸಿನ ಮೇಲೆ ನಡೆದ ದಾರಿಯನ್ನು ಉದ್ದಕ್ಕೆ ಹಿಡಿದಿದ್ದರೆ ಇಷ್ಟು ಹೊತ್ತಿಗೆ ಸಮುದ್ರ ದಾಟಿರುತ್ತಿದ್ದಳು. ಮೊದಲ ಹೆಜ್ಜೆ ಯಾವಾಗಲೂ ಹಿಮ್ಮಡಿಯದು, ಬೆಳಿಗ್ಗೆ ಮಂಚದಿಂದ ಇಳಿದಾಗಿನ ಮೊದಲ ಹೆಜ್ಜೆಯೂ ಹೀಗೇ, ನೆಲ ಮೇಲೆದ್ದು ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ, ನಾಲ್ಕು ಹೆಜ್ಜೆ ಕುಂಟಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲ, ಸಂಜೆ ಮತ್ತೆ ಶುರು. ಕಾಲಿನ ಡಾಕ್ಟರಮ್ಮ ಅವಳ ಪಾದವನ್ನು ತಮ್ಮ ಮೊಣಕಾಲ ಮೇಲೆಯೇ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ, ಇಲ್ಲೇನಾ, ಎಂದರು, ಅಲ್ಲೇ ಡಾಕ್ಟ್ರೇ, ಎಂದು ಹಲ್ಲು ಕಚ್ಚಿದಳು, ನೋಡಿ, ಹಿಮ್ಮಡಿಯಿಂದ ಬೆರಳವರೆಗೆ ಅಂಗಾಲಿನ ಅಡಿಯಲ್ಲಿ ಒಂದು ದಪ್ಪ ನಾರು ಇದೆ, ಎಲ್ಲರಿಗೂ ಇರುತ್ತೆ, ನಿಮ್ಮದು ಕೀವಾಗಿಲ್ಲ, ಹರಿದಿಲ್ಲ, ಎಳೆದು ಎಳೆದು ಬೇಸತ್ತಿದೆ, ರಾತ್ರಿಯೆಲ್ಲ ಕುಗ್ಗಿ ಮಲಗಿರುತ್ತೆ, ಬೆಳಿಗ್ಗೆ ಒಮ್ಮೆಲೇ ಹಿಗ್ಗಿಸಿದ್ರೆ ಚೀರುತ್ತೆ. ಆಮೇಲೆ ಒಂದೊಂದಾಗಿ ತೋರಿಸಿದರು, ಅಂಗಡಿಯವನು ಸಾಮಾನು ಹರವಿದ ಹಾಗೆ, ಮುಂಗಾಲಿನ ಅಡಿ ಇದು ಆಣಿ, ಒತ್ತಡ ಬಿದ್ದ ಕಡೆ ಚರ್ಮ ತನ್ನನ್ನು ತಾನೇ ಕಾಪಾಡ್ಕೊಳ್ಳೋಕೆ ದಪ್ಪ ಆಗುತ್ತೆ, ಬ್ಲೇಡಿನಲ್ಲಿ ಕೆತ್ತಬೇಡಿ, ಯಾರು ಕೆತ್ತಿದ್ದು, ನೀವೇನಾ, ಉಗುರು ಮೂಲೆಯಲ್ಲಿ ಮಾಂಸದೊಳಕ್ಕೆ ಇಳಿದಿದೆ, ಎರಡನೇ ಬೆರಳು ಮಡಚಿ ಗೂನು ಬಿದ್ದಿದೆ, ಮತ್ತೆ ಇದು, ಹೆಬ್ಬೆರಳ ಬುಡದ ಗಂಟು, ಬೆರಳು ಒಳಕ್ಕೆ ವಾಲಿದಷ್ಟೂ ಮೂಳೆ ಹೊರಕ್ಕೆ ಬರುತ್ತೆ, ನಿಮ್ಮ ಕಾಲಿನ ಜಾತಕದಲ್ಲೂ ಸ್ವಲ್ಪ ಇದ್ದಿರಬಹುದು, ಮಿಕ್ಕದ್ದೆಲ್ಲ ಚೂಪು ಮೂತಿಯ ಶೂ ಮಾಡಿದ್ದು. ಏನು ಕೆಲಸ ನಿಮ್ಮದು. ಆಫೀಸು, ಕೂತ್ಕೊಂಡು ಮಾಡೋದು, ಎಂದಳು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು, ಕೂತು ಮಾಡೋರ ಕಾಲಲ್ಲ ಇದು. ಸುಳ್ಳು ಹೇಳಿದ್ದಕ್ಕೆ ಅವತ್ತು ನಾಚಿಕೆಯಾಗಲಿಲ್ಲ, ಕಾಲು ನೋವು ಅಂತ ಅಳತೆಯ ಕಾಲೇ ಹೇಳಿದರೆ ಯಾರಾದರೂ ಸಂಬಳ ಕೊಡುತ್ತಾರೆಯೇ, ಮನೆಯಲ್ಲಿ ತಿಂಗಳಿಗೆ ಇಪ್ಪತ್ತು ದಿನ ಲಾರಿಯ ಮೇಲಿರುವ ಗಂಡ, ಹಾಸಿಗೆ ಹೊಲಿದು ಹೊಲಿದು ಕಣ್ಣು ಮಂಜಾದ ಅತ್ತೆ, ಓದುವ ಮಗಳು, ಎಲ್ಲರೂ ನಿಂತಿರುವುದು ಒಂದು ಪಾಲು ಈ ಎರಡು ಕಾಲಿನ ಮೇಲೆ. ಹಾಗಾಗಿ ಸಾಹೇಬನಿಗೆ ಹೇಳಿ ದಪ್ಪ ಕಾಲುಚೀಲ ಹಾಕಿಕೊಂಡೇ ಶೂ ನೋಡುವ ಪದ್ಧತಿ ತಂದಳು, ಬೆವರು ಹತ್ತುತ್ತೆ ಸರ್, ಸ್ಯಾಂಪಲ್ಲು ಗಲೀಜಾಗುತ್ತೆ, ಎಂದು. ಎಷ್ಟು ಶಿಸ್ತಮ್ಮ ನಿಂದು, ಎಂದ ಅವನು. ಹೌದು, ಬಹಳ ಶಿಸ್ತು.

ಒಂಬತ್ತು, ಹತ್ತು, ಆಣಿ ಎದ್ದಿತು, ಒಳಗೊಂದು ಅಕ್ಕಿಕಾಳು ಸಿಕ್ಕಿಕೊಂಡ ಹಾಗೆ ಪ್ರತಿ ಹೆಜ್ಜೆಗೂ ಚುಳ್, ಹಿಮ್ಮಡಿ ಎತ್ತರಿಸಿದರಲ್ಲ, ಮೈಭಾರವೆಲ್ಲ ಮುಂದಕ್ಕೆ ಸುರಿಯುತ್ತಿದೆ, ಬೆರಳುಗಳು ಮೂತಿಯೊಳಗೆ ಒಂದರ ಮೇಲೊಂದು ಹತ್ತಿ ಜಗಳಾಡುತ್ತಿವೆ, ಮತ್ತು ಗಂಟು — ಗಂಟು ಈಗ ಶೂವಿನ ಒಳಬದಿಗೆ ಹೊಲಿದ ಗಟ್ಟಿ ಪಟ್ಟಿಗೆ ತಾಗುತ್ತಿದೆ. ಆ ಪಟ್ಟಿ. ಅಯ್ಯೋ ಆ ಪಟ್ಟಿ. ಅದು ಅಲ್ಲಿ ಬಂದದ್ದೇ ಅವಳಿಂದ. ಹೋದ ವರ್ಷ ಈ ಶೂವಿನ ಮೊದಲ ಸ್ಯಾಂಪಲ್ಲು ಮೆತ್ತಗಿನ ಚರ್ಮದ್ದು, ಮಾತ್ರೆ ನುಂಗಿದ್ದಳು, ಮುಲಾಮು ಬಳಿದಿದ್ದಳು, ಮರದ ಕಾಲಿನಲ್ಲಿ ನಡೆದ ಹಾಗೆ ಸಲೀಸಾಗಿ ನಡೆದಳು, ಮೆಟ್ಟಿಲು ಹತ್ತಿ ಇಳಿದಳು, ಸರಿಯಾಗಿದೆ ಎಂದಳು. ಬಿಚ್ಚಿಟ್ಟ ಶೂವನ್ನು ಸಾಹೇಬ ಕಿಟಕಿಯ ಬೆಳಕಿಗೆ ಹಿಡಿದ, ಒಳಬದಿಯಲ್ಲಿ, ಹೆಬ್ಬೆರಳ ಬುಡ ಬರುವ ಕಡೆ ಚರ್ಮ ಉಬ್ಬಿತ್ತು, ಅಡಿಕೆ ಗಾತ್ರ. ಆರು ಸರಿಯಾಗಿದೆ ಅಂದಮೇಲೆ ಕಾಲಿನಲ್ಲಿ ತಪ್ಪಿರಲಾರದು, ಅಂದಮೇಲೆ ಚರ್ಮದ್ದೇ ತಪ್ಪು. ನೋಡಿ, ಒಂದೇ ಗಂಟೆಗೆ ಜೋಲು ಬಿದ್ದಿದೆ, ಚರ್ಮ ಸಾಲದು, ಒಳಗಡೆ ಗಟ್ಟಿ ಪಟ್ಟಿ ಕೊಟ್ಟು ಮತ್ತೆ ಹೊಲೀರಿ, ಎಂದ. ಅವಳು ಎರಡು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಚಪ್ಪಲಿ ಹುಡುಕುತ್ತಿದ್ದಳು, ಬಾಯಿ ತೆರೆದರೆ ಸಾಕಿತ್ತು, ಅದು ಚರ್ಮ ಅಲ್ಲ ಸರ್, ನನ್ನ ಗಂಟು, ಹತ್ತು ಅಕ್ಷರವೋ ಹನ್ನೆರಡು ಅಕ್ಷರವೋ, ತೆರೆಯಲಿಲ್ಲ. ಎರಡನೇ ಸ್ಯಾಂಪಲ್ಲು ಪಟ್ಟಿಯೊಂದಿಗೆ ಬಂತು, ಎರಡು ಮಾತ್ರೆ ನುಂಗಿದಳು, ಸರಿಯಾಗಿದೆ ಎಂದಳು, ಕಾರ್ಡಿನಲ್ಲಿ ಮೂರು ಚೌಕ, ಬೆರಳು, ಮೇಲ್ಗಾಲು, ಹಿಮ್ಮಡಿ, ಮೂರಕ್ಕೂ ಸರಿ, ಸರಿ, ಸರಿ ಎಂದು ಬರೆದು ಸಹಿ ಹಾಕಿದಳು. ತನ್ನ ಒಂದು ಗಂಟನ್ನು ಅಡಗಿಸಲು ಹೊರಟು ಊರ ನರ್ಸುಗಳಿಗೆಲ್ಲ ಗಂಟು ಹಾಕಿದಳು. ಯಾರು ಬೈದರೂ ಬೈಯಬಹುದು, ಆದರೆ ಯಾರಿಗೂ ಗೊತ್ತಿಲ್ಲವಲ್ಲ, ಗೊತ್ತಿಲ್ಲದ ತಪ್ಪಿಗೆ ನಾವೇ ಬೈದುಕೊಳ್ಳಬೇಕು, ಅದಕ್ಕೆ ಹೊತ್ತೂ ಗೊತ್ತೂ ಇರುವುದಿಲ್ಲ.

ಕನ್ನಡಿ ಹತ್ತಿರ ಬಂತು, ಕನ್ನಡಿಯಲ್ಲಿ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತದೆ, ಹಾಗೇ ಕಟ್ಟಿದ್ದಾರೆ, ತಲೆ ಯಾರಿಗೆ ಬೇಕು, ಬಿಳಿ ಶೂ ಎರಡು ಎದುರಿಗೆ ಬರುತ್ತಿವೆ, ಚಂದ ಇವೆ, ಅದು ನಿಜ, ತಂಗಿಯೂ ಮೊದಲ ದಿನ ಹಾಗೇ ಅಂದಿದ್ದಳಂತೆ, ಚಂದ ಇವೆ ಅಂತ. ತಂಗಿ ನರ್ಸು, ಹನ್ನೆರಡು ಗಂಟೆ ನಿಂತ ಕಾಲಿನ ಪಾಳಿ, ಹೋದ ಭಾನುವಾರ ಬಂದವಳು ಮಾತಾಡದೆ ಬಕೆಟ್ಟಿಗೆ ಬಿಸಿನೀರು ಹಾಕಿ ಉಪ್ಪು ಸುರಿದು ಕಾಲು ಇಳಿಬಿಟ್ಟಳು, ಹೆಬ್ಬೆರಳ ಉಗುರು ಕಪ್ಪಗಾಗಿ ಒಂದು ಕಡೆ ಎದ್ದಿದೆ, ಗಂಟಿನ ಜಾಗದಲ್ಲಿ ಕೆಂಪಗೆ ಸುಲಿದಿದೆ, ಇದೇನೇ ಇದು. ಹೊಸ ಶೂ ಅಕ್ಕಾ, ಕಡ್ಡಾಯ, ಹಾಕ್ಕೊಳ್ದಿದ್ರೆ ಮೇಟ್ರನ್ ಮೇಡಂ ಹೆಸರು ಬರ್ಕೋತಾರೆ, ನಮ್ಮ ವಾರ್ಡಲ್ಲಿ ಹನ್ನೊಂದು ಜನ, ಏಳು ಜನದ ಉಗುರು ಹೋಗಿದೆ, ನಾವು ಇದಕ್ಕೆ ಇಟ್ಟಿರೋ ಹೆಸರು ಇಕ್ಕಳ. ಒಂದ್ ನಂಬರು ದೊಡ್ಡದು ತಗೋಬೇಕಿತ್ತು. ತಗೊಂಡೆ, ಉದ್ದ ಆಯ್ತು, ಅಗಲ ಆಗ್ಲಿಲ್ಲ, ಹಿಮ್ಮಡಿ ಒಳಗೆ ಲೊಟಲೊಟ ಅನ್ನುತ್ತೆ, ಬೆರಳು ಮಾತ್ರ ಅಲ್ಲೇ ಸಾಯುತ್ತೆ. ಬಾಗಿಲ ಹತ್ತಿರ ಬಿಟ್ಟಿದ್ದ ಶೂವನ್ನು ಅವಳು ಎತ್ತಿಕೊಂಡಳು, ಹೊರಗೆ ಯಾವುದೋ ಕಂಪನಿಯ ಹೆಸರು, ಒಳಗೆ ಕೈ ಹಾಕಿದರೆ ಬೆರಳ ತುದಿಗೆ ಪಟ್ಟಿ ಸಿಕ್ಕಿತು, ಅದೇ ಜಾಗ, ಅದೇ ಗಟ್ಟಿ, ಹಿಮ್ಮಡಿಯ ಒಳಪದರದಲ್ಲಿ ತಮ್ಮದೇ ಅಚ್ಚಿನ ನಂಬರು. ತಂಗಿ ನೀರಿನಲ್ಲಿ ಕಾಲಾಡಿಸುತ್ತಾ, ಇದನ್ನ ಯಾರೋ ಒಬ್ಬಳು ಹಾಕ್ಕೊಂಡು ನೋಡಿ ಸರಿಯಿದೆ ಅಂದಿರ್ತಾಳಲ್ಲ ಅಕ್ಕಾ, ನಿನ್ನ ಥರದವಳೇ, ಯಾವ ಕಾರ್ಖಾನೆಯವಳೋ, ಅವಳ ಕಾಲು ಸೇದಿಹೋಗ, ಎಂದು ನಕ್ಕಳು, ನಗುವಾಗಲೂ ಮುಖ ಕಿವಿಚಿಕೊಂಡಿತ್ತು. ಬಕೆಟ್ಟಿನ ನೀರು ಆರಿತು, ಅವಳು ಇನ್ನಷ್ಟು ಬಿಸಿನೀರು ತಂದು ಹೊಯ್ದಳು.

ತಿರುಗು. ತಿರುಗುವಾಗ ಇಡೀ ಮೈಯ ಭಾರ ಒಂದು ಬೆರಳ ಮೇಲೆ, ಇಕ್ಕಳ ಬಿಗಿಯಿತು, ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಹುಡುಗಿಯರು. ತಂಗಿ ಹೋದ ಮೇಲೆ ಅತ್ತೆಗೆ ಎಲ್ಲ ಹೇಳಿಬಿಟ್ಟಳು, ಅತ್ತೆಗೆ ಹೇಳಬೇಕೆಂದಿರಲಿಲ್ಲ, ಕತ್ತಲಲ್ಲಿ ಕೂತು ಅವರು ಅವಳ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದರು, ಬಾಯಿ ತಾನಾಗಿ ಆಡಿತು, ಮಾತ್ರೆ, ಮುಲಾಮು, ಉಬ್ಬು, ಪಟ್ಟಿ, ಉಗುರು. ಅತ್ತೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಈಗ ಏನ್ ಮಾಡ್ತೀಯ. ಏನ್ ಮಾಡೋದು ಅತ್ತೆ, ಹೇಳಿದ್ರೆ ಕೆಲಸ ಹೋಗುತ್ತೆ, ಹೋದ ವಾರವೇ ಹೊಲಿಗೆಯವರ ಕಾಲೆಲ್ಲ ಅಳೆದು ಬರ್ಕೊಂಡಿದ್ದಾರೆ, ನನ್ನ ಜಾಗಕ್ಕೆ ಇನ್ನೊಬ್ಬಳನ್ನ ನಿಲ್ಲಿಸೋಕೆ ಎಷ್ಟು ಹೊತ್ತು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ನೆ ಹೇಳಿದ್ದಾರಾ ಹಿರಿಯರು. ಅತ್ತೆಗೆ ಸಿಟ್ಟು ಬಂದದ್ದು ಆಗ, ಹಿಮ್ಮಡಿ ಹಿಡಿದ ಕೈ ಬಿಗಿಯಾಯಿತು, ನನ್ನ ಮುಂದೆ ಹಾಸಿಗೆ ಗಾದೆ ಹೇಳ್ಬೇಡ ಕಣೆ, ನಲವತ್ತು ವರ್ಷ ಹಾಸಿಗೆ ಹೊಲಿದಿದ್ದೀನಿ, ಕಾಲು ನೋಡಿ ಹಾಸಿಗೆ ಹೊಲಿದಿದ್ದೀನೇ ಹೊರತು ಹಾಸಿಗೆ ನೋಡಿ ಯಾರ ಕಾಲೂ ಕತ್ತರಿಸಿಲ್ಲ, ಆ ಗಾದೆ ಹೇಳಿದೋನು ಹಾಸಿಗೆ ಹೊಲಿದೋನಲ್ಲ, ಬರೀ ಮಲಗಿದೋನು. ಅವಳಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಕೆಲಸ ಹೋದ್ರೆ. ಹೋದ್ರೆ ಹೋಯ್ತು, ನನ್ನ ಸೂಜಿ ಇನ್ನೂ ಇದೆ, ನಿನಗೂ ಕೈ ಇದೆ, ಕಾಲು ಒಂದೇ ಅಲ್ಲ ದೇವರು ಕೊಟ್ಟಿರೋದು. ಅಷ್ಟು ಹೇಳಿ ಅತ್ತೆ ಇನ್ನೊಂದು ಕಾಲು ಕೊಡು ಎಂದರು.

ಮೆಟ್ಟಿಲು. ಮರದ ಮೂರು ಮೆಟ್ಟಿಲು, ಹತ್ತು, ಇಳಿ, ಮತ್ತೆ ಹತ್ತು, ಇಳಿಯುವಾಗ ಬೆರಳುಗಳೆಲ್ಲ ಮೂತಿಗೆ ಹೋಗಿ ಗುದ್ದುತ್ತವೆ, ಉಗುರಿನ ಮೂಲೆಯಲ್ಲಿ ಸಣ್ಣಗೆ ಬಿಸಿ, ರಕ್ತವಿರಬಹುದು, ಬೆಳ್ಳಗಿನ ಕಾಲುಚೀಲಕ್ಕೆ ಒಳ್ಳೆಯದು, ಸಾಕ್ಷಿ ಉಳಿಯುತ್ತದೆ, ಮುಂಗಾಲಲ್ಲಿ ನಿಂತುಕೋ, ನಿಂತಳು, ಕೂತೇಳು, ಕೂತೆದ್ದಳು, ಒಂದೊಂದು ನೋವೂ ತನ್ನ ತನ್ನ ಜಾಗದಲ್ಲಿ ಎದ್ದು ಹಾಜರಿ ಹೇಳಿತು, ಹಿಮ್ಮಡಿ, ಆಣಿ, ಗೂನುಬೆರಳು, ಉಗುರು, ಗಂಟು, ಎಲ್ಲರೂ ಬಂದಿದ್ದೀರಾ, ಬಂದಿದ್ದೀವಿ, ನಾಲ್ಕು ವರ್ಷ ನಿಮ್ಮ ಬಾಯಿಗೆ ಬಟ್ಟೆ ತುರುಕಿದ್ದೆ, ಇವತ್ತು ಮಾತಾಡಿ, ಮರ್ಯಾದೆಯಾಗಿ ಒಬ್ಬೊಬ್ಬರಾಗಿ ಮಾತಾಡಿ. ಹೆದರಿಕೆ ಇಲ್ಲವೇ ಎಂದರೆ ಇದೆ, ಹೊಟ್ಟೆಯಲ್ಲಿ ಇದೆ, ಕಾಲಿನಲ್ಲಿ ಇಲ್ಲ. ಕಾಲಿಗೆ ಬುದ್ಧಿ ಹೇಳಿ ಬಾಗಿಲು ದಾಟುವ ಆಸೆಯೂ ಒಂದು ಕ್ಷಣ ಬಂತು, ಹೊಟ್ಟೆನೋವು ಸರ್, ನಾಳೆ ನೋಡೋಣ, ಎಂದರೆ ಇವತ್ತಿನ ಮಟ್ಟಿಗೆ ಮುಗಿಯಿತು, ಆದರೆ ನಾಳೆಯೂ ಇದೇ ಶೂ, ಇದೇ ಕಾಲು, ಪರ್ಸಿನಲ್ಲಿ ಅದೇ ಮಾತ್ರೆ. ಸಾಹೇಬ ಕಾರ್ಡು ಚಾಚಿದ, ಪೆನ್ನು ಬಿಚ್ಚಿಯೇ ಕೊಟ್ಟ, ಹೇಗಿದೆಯಮ್ಮ, ಎಂದ, ಕೇಳಿದ ಹಾಗಲ್ಲ, ಉತ್ತರವನ್ನೂ ತಾನೇ ಹೇಳಿ ಮುಗಿಸಿದ ಹಾಗೆ. ಕಚ್ಚುತ್ತೆ, ಎಂದಳು. ಏನಂದೆ. ಕಚ್ಚುತ್ತೆ ಸರ್, ಬೆರಳು ಕಚ್ಚುತ್ತೆ, ಗಟ್ಟಿ ಪಟ್ಟಿ ಕಚ್ಚುತ್ತೆ, ಹಿಮ್ಮಡಿ ಎತ್ತರಿಸಿ ಭಾರವನ್ನೆಲ್ಲ ಮುಂದಕ್ಕೆ ತಳ್ಳಿದ್ದೀರಿ, ಹನ್ನೆರಡು ಗಂಟೆ ನಿಲ್ಲೋರ ಕಾಲಿಗೆ ಇದು ಆಗಲ್ಲ. ಕಾರ್ಡಿನ ಮೂರು ಚೌಕದಲ್ಲೂ ಸರಿಯಿಲ್ಲ ಎಂದು ಬರೆದಳು, ಸರಿಯಿಲ್ಲ ಎಂದು ಬರೆಯಲು ಜಾಗ ಸಾಲದೆ ಕೊನೆಯ ಅಕ್ಷರ ಚೌಕದ ಹೊರಗೆ ಬಂತು, ಹದಿನೆಂಟು ವರ್ಷದಲ್ಲಿ ಆ ಮಾತಿಗೆ ಅವರು ಜಾಗವನ್ನೇ ಬಿಟ್ಟಿರಲಿಲ್ಲ.

ಸಾಹೇಬ ನಕ್ಕ, ಆರ್ಡರಿನವರ ಕಡೆ ನೋಡಿ ನಕ್ಕ, ಇವತ್ತು ನಮ್ಮ ಆರಿಗೆ ಯಾಕೋ ಮೂಡು ಸರಿಯಿಲ್ಲ ಸಾರ್, ಹೋದ ವರ್ಷ ಇದೇ ಅಚ್ಚು, ಇದೇ ಕಾಲು, ಸರಿಯಿದೆ ಅಂದಿದ್ಳು. ಹೋದ ವರ್ಷ ಮಾತ್ರೆ ನುಂಗಿ ಅಂದೆ, ಎಂದಳು. ಎರಡು ನುಂಗಿದ್ದೆ. ಅದು ನನ್ನ ತಪ್ಪು, ನನ್ನದೇ, ಇನ್ಯಾರದ್ದೂ ಅಲ್ಲ, ಆ ಉಬ್ಬು ಚರ್ಮದ್ದಲ್ಲ ಸರ್, ನನ್ನ ಗಂಟಿನದ್ದು, ನೀವು ಪಟ್ಟಿ ಹಾಕಿಸಿದ್ರಿ, ನಾನು ನೋಡ್ತಾ ಕೂತಿದ್ದೆ. ಬೆಲ್ಟು ಬಿಚ್ಚಿ ಶೂ ತೆಗೆದಳು, ಕಾಲುಚೀಲದ ತುದಿಯಲ್ಲಿ ಬೊಟ್ಟಿನಷ್ಟು ಕೆಂಪು, ಅದನ್ನೂ ತೆಗೆದಳು, ಸ್ಯಾಂಪಲ್ ರೂಮಿನಲ್ಲಿ ಅವಳ ಬರಿಗಾಲು ಕಂಡು ಎಷ್ಟು ವರ್ಷವಾಗಿತ್ತೋ, ಡಿಸೈನಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು, ಆರ್ಡರಿನವರು ಕೈಗಡಿಯಾರ ನೋಡುತ್ತಿದ್ದವರು ನೋಡುವುದನ್ನು ಬಿಟ್ಟರು. ಕಾಲು ಕೆರ್ಕೊಂಡು ಜಗಳಕ್ಕೆ ಬರ್ತಿದ್ದೀಯಾ, ಎಂದ ಸಾಹೇಬ ಹಲ್ಲಿನ ಸಂದಿಯಿಂದ, ಇಂಥ ಕಾಲಿಟ್ಕೊಂಡು ಇಷ್ಟು ವರ್ಷ ನಮಗೆ ಮೋಸ ಮಾಡಿದ್ದೀಯ, ನಾಳೆಯಿಂದ ಈ ರೂಮಿಗೆ ಬರ್ಬೇಡ, ಗೊತ್ತಾಯ್ತಾ. ಗೊತ್ತಾಯ್ತು. ಮೋಸ ಮಾಡಿದ್ದೂ ನಿಜ, ಈ ಕಾಲಿಟ್ಕೊಂಡು ಅಂತೀರಲ್ಲ, ಇದನ್ನ ನಾನು ಮನೆಯಿಂದ ತಂದಿಲ್ಲ ಸರ್, ತಂದದ್ದು ಅಲ್ಲಿದೆ, ಗೋಡೆ ಮೇಲೆ, ಇದು ಇಲ್ಲಿ ಆದದ್ದು, ನಿಮ್ಮ ಶೂ ಒಂದೊಂದಾಗಿ ಹಾಕ್ಕೊಂಡು ಆದದ್ದು. ದನಿ ಎತ್ತಲಿಲ್ಲ, ಎತ್ತಬೇಕೆನಿಸಲಿಲ್ಲ, ಕುಂಟುತ್ತಾ ಹೋಗಿ ಕುರ್ಚಿ ಎಳೆದು ಹತ್ತಿ ಚೌಕಟ್ಟನ್ನು ಮೊಳೆಯಿಂದ ಬಿಡಿಸಿದಳು, ಏಯ್, ಅದು ಕಂಪನಿಯದು, ಚೌಕಟ್ಟು ಕಂಪನಿಯದು ಸರ್, ಇಟ್ಕೊಳ್ಳಿ, ಹಿಂದಿನ ರಟ್ಟು ಕಿತ್ತು ಕಾಗದವನ್ನು ಬೂದು ಹಾಸಿನ ಮೇಲೆ ಹರಡಿದಳು, ಹದಿನೆಂಟು ವರ್ಷದ ಹಿಂದಿನ ಹಿಮ್ಮಡಿಯ ಮೇಲೆ ಇವತ್ತಿನ ಹಿಮ್ಮಡಿ ಇಟ್ಟು ನಿಂತಳು. ತೂಕ ಬಿಟ್ಟು ನಿಂತಳು. ಮುಂಗಾಲು ಎರಡೂ ಬದಿ ಗೆರೆ ದಾಟಿತ್ತು, ಬೆರಳುಗಳು ತಮ್ಮ ತಮ್ಮ ಜಾಗ ಬಿಟ್ಟು ಅಕ್ಕಪಕ್ಕದವರ ಮೇಲೆ ಒರಗಿದ್ದವು, ಗಂಟು ಹಳೆಯ ಗೆರೆಯಿಂದ ಒಂದು ಹೆಬ್ಬೆಟ್ಟಿನಷ್ಟು ಹೊರಗೆ, ಕಾಗದದ ಖಾಲಿ ಹಳದಿಯ ಮೇಲೆ ಕೂತಿತ್ತು.

ಹೊಸ ಗೆರೆ ಹಾಕಿ ಸರ್, ಎಂದಳು, ಹನ್ನೆರಡು ವರ್ಷದ್ದು ಬಾಕಿ ಇದೆ, ಆಮೇಲೆ ಹೋಗ್ತೀನಿ. ಸಾಹೇಬ ಅಲ್ಲಾಡಲಿಲ್ಲ, ಆರ್ಡರಿನವರು ಮೆಲ್ಲಗೆ ಕೇಳಿದರು, ಹೋದ ಸಲ ನಮಗೆ ಕೊಟ್ಟ ಮಾಲಿಗೂ ಇವರೇ ಸಹಿ ಹಾಕಿದ್ದಾ, ನಿಂತ ಕಾಲಿಗೆ ಹಿಮ್ಮಡಿಯ ನೋವು ಏರುತ್ತಿದೆ, ಏರಲಿ, ನಿಲ್ಲುವುದು ತಾನೇ, ನಿಂತೇ ಬಂದ ಅನ್ನ, ಇನ್ನೂ ಸ್ವಲ್ಪ ಹೊತ್ತು ನಿಂತರೆ ಕರಗಿಹೋಗುವುದಿಲ್ಲ, ತಂಗಿಗೆ ಇವತ್ತು ಸಂಜೆ ಹೋಗಿ ಹೇಳಬೇಕು, ಆ ಸೇದಿಹೋಗಬೇಕಾದ ಕಾಲು ನನ್ನದೇ ಕಣೆ, ಬೈಯ್ಯಿ, ಹೊಟ್ಟೆ ತುಂಬ ಬೈಯ್ಯಿ, ಆಮೇಲೆ ನಿನ್ನ ವಾರ್ಡಿನ ಹನ್ನೊಂದು ಜನದ ಕಾಲಿಗೂ ಗೆರೆ ಹಾಕೋಣ, ಕಾಗದ ನಾನು ತರ್ತೀನಿ — ಅಷ್ಟರಲ್ಲಿ ಡಿಸೈನಿನ ಹುಡುಗಿ ಸಾಹೇಬನ ಹತ್ತಿರ ಹೋದಳು, ಅವನ ಜೇಬಿನಿಂದ ಪೆನ್ಸಿಲ್ಲು ತೆಗೆದುಕೊಂಡಳು, ಕೇಳದೆ ತೆಗೆದುಕೊಂಡಳು, ಬಂದು ಮಂಡಿಯೂರಿ ಕೂತಳು, ಅಕ್ಕಾ ಎಲ್ಲಿಂದ ಶುರುಮಾಡ್ಲಿ. ಹಿಮ್ಮಡಿಯಿಂದ, ಹೊರಬದಿಗೆ ಬಾ. ಪೆನ್ಸಿಲ್ಲು ಹಿಮ್ಮಡಿಯ ಬಿರುಕುಗಳನ್ನು ಸವರಿ ಹೊರಟಿತು, ಹಳೆಯ ಗೆರೆಗೆ ಒಂದು ಬೆರಳು ಆಚೆ, ಕಿರುಬೆರಳಿನ ಸಂದಿಗೆ ಬಂತು, ಅದೇ ಸೊಟ್ಟ ಜಾಗ, ಅದೇ ಕಚಗುಳಿ, ಅಲ್ಲಿ ಒಂದು ನಗು ಇನ್ನೂ ಇತ್ತು, ಇಪ್ಪತ್ಮೂರರ ನಗು, ಅವಳು ಅದನ್ನು ಹಿಡಿದುಕೊಂಡಳು, ನಗಬೇಡ ತಾಯಿ, ಇಲ್ಲ ಮೇಸ್ತ್ರಿ, ಈ ಸಲ ಗೆರೆ ಅಲ್ಲಾಡುವುದಿಲ್ಲ, ಬೆರಳುಗಳ ತುದಿ ಸುತ್ತಿತು, ಗೂನುಬೆರಳು, ರಕ್ತ ಒಸರಿದ ಉಗುರು, ಹೆಬ್ಬೆರಳು, ಒಳಬದಿಗೆ ಇಳಿಯಿತು, ಗಂಟಿನ ಬುಡಕ್ಕೆ ಬಂದು ಹುಡುಗಿಯ ಕೈ ನಿಂತಿತು, ತಲೆಯೆತ್ತಿ ಕೇಳಿದಳು, ಇಲ್ಲಿ ಏನ್ ಮಾಡ್ಲಿ ಅಕ್ಕಾ, ಹಳೇ ಗೆರೆ ಮೇಲೇ ಹೋಗ್ಲಾ. ಬೇಡ. ಕಾಲು ಎಲ್ಲಿದೆಯೋ ಅಲ್ಲಿಂದ ಬಾ. ಪೆನ್ಸಿಲಿನ ಮೊನೆ ಗಂಟಿಗೆ ತಾಗಿತು, ಹೊರಕ್ಕೆ ತಿರುಗಿತು, ಹೊರಕ್ಕೆ, ಇನ್ನೂ ಹೊರಕ್ಕೆ